ಮೂಗಿನ ಸ್ಪ್ರೇ ಕೆಲಸ ಮಾಡುತ್ತಿಲ್ಲವೇ? ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬನ ದೋಷ ನಿವಾರಣೆ ಕೈಪಿಡಿ

ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತಲ ಕಾಫಿ ತೋಟಗಳಲ್ಲಿ ಪಂಪ್‌ಸೆಟ್, ಸ್ಪ್ರಿಂಕ್ಲರ್ ರಿಪೇರಿ ಮಾಡುವುದು ನನ್ನ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ತೋಟದವರೆಲ್ಲ ಒಟ್ಟಿಗೇ ಫೋನ್ ಮಾಡುತ್ತಾರೆ. "ನೀರು ಎತ್ತುತ್ತಾ ಇಲ್ಲ, ಮೋಟರ್ ಹೋಗಿದೆ, ಬೇಗ ಬನ್ನಿ." ಹೋಗಿ ನೋಡಿದರೆ ಬಹಳ ಸಲ ಮೋಟರ್ ಸರಿಯಾಗೇ ಇರುತ್ತದೆ. ಫುಟ್ ವಾಲ್ವ್‌ಗೆ ಎಲೆ ಸಿಕ್ಕಿಕೊಂಡಿರುತ್ತದೆ. ಇಲ್ಲಾ ಸಕ್ಷನ್ ಪೈಪ್ ಗಾಳಿ ಹಿಡಿದಿರುತ್ತದೆ. ಮೋಟರ್ ಬಿಚ್ಚುವ ಮೊದಲು ಅದನ್ನೆಲ್ಲ ನೋಡಬೇಕು ಅಂತ ಹುಡುಗರಿಗೆ ದಿನಾ ಹೇಳುತ್ತೇನೆ.

ನನ್ನದೇ ಮೂಗಿನ ವಿಷಯದಲ್ಲಿ ಮಾತ್ರ ಈ ಬುದ್ಧಿ ಓಡಲಿಲ್ಲ. ಅಲರ್ಜಿ ನೆಗಡಿ ನನಗೆ ಹಳೇ ನೆಂಟ. ಬೆಳಗ್ಗೆ ಎದ್ದರೆ ಸಾಲಾಗಿ ಹತ್ತು ಹದಿನೈದು ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ರಾತ್ರಿ ಬಾಯಲ್ಲಿ ಉಸಿರು. "ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಅಂತ ಹೇಳಿದವರಿಗೆ ಖಂಡಿತ ಅಲರ್ಜಿ ಇತ್ತು. ಡಾಕ್ಟರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಹೊಡೆದೆ. ಏನೂ ಆಗಲಿಲ್ಲ. ಇನ್ನೊಂದು ಕಂಪನಿಯದು ತಂದೆ. ಅದೂ ಹಾಗೇ. ಎರಡು ವರ್ಷದಲ್ಲಿ ಮೂರು ಬಾಟಲಿ ಮೂಲೆಗೆ ಎಸೆದು, "ಇದೆಲ್ಲ ದುಡ್ಡು ಮಾಡೋ ಕೆಲಸ" ಎಂದು ತೀರ್ಪು ಕೊಟ್ಟೆ. ಕೊನೆಗೆ ಇಎನ್‌ಟಿ ಡಾಕ್ಟರೊಬ್ಬರು ದೋಷ ಹಿಡಿದರು. ದೋಷ ಮದ್ದಿನಲ್ಲಿ ಇರಲಿಲ್ಲ. ನನ್ನ ಕೈಯಲ್ಲಿತ್ತು.

ಅವರು ಹೇಳಿಕೊಟ್ಟದ್ದು, ಮದ್ದಿನ ಡಬ್ಬಿಯೊಳಗಿನ ಚೀಟಿಯಲ್ಲಿ ಓದಿದ್ದು, ನಾನೇ ತಪ್ಪು ಮಾಡಿ ಕಲಿತದ್ದು, ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್, ಡಾಕ್ಟರ್ ಅಲ್ಲ. ಯಾವ ಸ್ಪ್ರೇ, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳು ಎನ್ನುವುದು ಡಾಕ್ಟರಿಗೇ ಬಿಟ್ಟಿದ್ದು. ಅವರು ಕೊಟ್ಟದ್ದು ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವುದಷ್ಟೇ ಇಲ್ಲಿನ ಕೆಲಸ. ಪಂಪಿನ ಹಾಗೇ, ಸುಲಭದ್ದನ್ನು ಮೊದಲು ನೋಡೋಣ.

ಕೈಯಲ್ಲಿರುವುದು ಯಾವ ಬಾಟಲಿ?

ನಗಬೇಡಿ. ಮೊದಲ ದೋಷ ಇರುವುದೇ ಇಲ್ಲಿ. ಮೂಗಿಗೆ ಹೊಡೆಯುವ ಬಾಟಲಿಗಳೆಲ್ಲ ನೋಡಲು ಒಂದೇ ಥರ. ಒಳಗಿನ ಮದ್ದು ಬೇರೆ ಬೇರೆ. ಲೇಬಲ್ ಮೇಲಿನ ದೊಡ್ಡ ಹೆಸರು ಬಿಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರು ಓದಿ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕ್ಸೈಲೊಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂದಿದ್ದರೆ ಅದು ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಮದ್ದು. ಬರೀ ಸೋಡಿಯಂ ಕ್ಲೋರೈಡ್ ಇದ್ದರೆ ಉಪ್ಪುನೀರು, ಅಷ್ಟೇ. ಅಜೆಲಾಸ್ಟಿನ್ ಎಂಬುದು ತುರಿಕೆ, ಸೀನು ತಡೆಯುವ ಇನ್ನೊಂದು ಜಾತಿ. ಅದನ್ನು ಸ್ಟೀರಾಯ್ಡ್ ಜೊತೆ ಒಂದೇ ಬಾಟಲಿಯಲ್ಲಿ ಸೇರಿಸಿ ಮಾರುವುದೂ ಉಂಟು.

ಓದಲು ಕನ್ನಡಕ ಸಿಗದಿದ್ದರೆ ಇನ್ನೊಂದು ಗುರುತಿದೆ. ಹೊಡೆದು ಐದು ಹತ್ತು ನಿಮಿಷಕ್ಕೇ ಮೂಗು ಪೂರ್ತಿ ಬಿಟ್ಟುಕೊಂಡು "ಅಬ್ಬಾ" ಅನ್ನಿಸಿದರೆ ಅದು ಬರೀ ಸ್ಟೀರಾಯ್ಡ್ ಅಲ್ಲ. ಸ್ಟೀರಾಯ್ಡ್‌ಗೆ ಅಷ್ಟು ಅವಸರವಿಲ್ಲ.

ನನಗೆ ಗೊತ್ತಿರುವ ಜೀಪ್ ಡ್ರೈವರ್ ಒಬ್ಬರು ಅಂಗಿ ಜೇಬಿನಲ್ಲಿ ಸದಾ ಮೂಗು ತಕ್ಷಣ ಬಿಡಿಸುವ ಆ ಜಾತಿಯ ಒಂದು ಡ್ರಾಪ್ಸ್ ಇಟ್ಟುಕೊಂಡಿರುತ್ತಿದ್ದರು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಉಸಿರೇ ಇಲ್ಲ. "ಅಲರ್ಜಿ ಜಾಸ್ತಿಯಾಗಿದೆ ಅಣ್ಣ" ಎನ್ನುತ್ತಿದ್ದರು. ಅಲರ್ಜಿ ಅಲ್ಲ, ಆ ಡ್ರಾಪ್ಸೇ ಕಾರಣ. ಈ ಮದ್ದು ಮೂಗಿನೊಳಗಿನ ರಕ್ತನಾಳಗಳನ್ನು ಬಿಗಿಹಿಡಿದು ಊತ ಇಳಿಸುತ್ತದೆ. ಬಿಗಿ ಸಡಿಲವಾದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತವೆ. ಮತ್ತೆ ಹಾಕಬೇಕು, ಮತ್ತೆ ಊತ. ಆದ್ದರಿಂದಲೇ ಇದನ್ನು 3ರಿಂದ 5 ದಿನಕ್ಕಿಂತ ಹೆಚ್ಚು ಬಳಸಬಾರದು ಅನ್ನುವುದು. ಬಿ.ಪಿ. ಇರುವವರಂತೂ ಕೇಳದೆ ಮುಟ್ಟಲೇಬಾರದು. ಈ ಸುಳಿಗೆ ಸಿಕ್ಕವರು ಡಾಕ್ಟರ ಬಳಿ ಮುಚ್ಚುಮರೆ ಇಲ್ಲದೆ ಹೇಳಿದರೆ ದಾರಿ ಇದೆ. ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿಸಿ, ಡ್ರಾಪ್ಸನ್ನು ಮೊದಲು ಒಂದು ಹೊಳ್ಳೆಗೆ, ಆಮೇಲೆ ಇನ್ನೊಂದಕ್ಕೆ ನಿಲ್ಲಿಸುವ ಕ್ರಮವೂ ಇದೆ. ಒಂದಷ್ಟು ದಿನ ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಒತ್ತಿದರೆ ಏನೂ ಬರುವುದಿಲ್ಲ, ಅಥವಾ ಪಿಚಕ್ಕನೆ ಒಂದು ಹನಿ ಮಾತ್ರ

ಇದು ಪೂರ್ತಿ ನಮ್ಮ ಇಲಾಖೆ. ಹೊಸ ಪಂಪಿಗೆ ನೀರು ತುಂಬಿಸಿ ಗಾಳಿ ತೆಗೆಯದೆ ಸ್ವಿಚ್ ಹಾಕಿದರೆ ನೀರೆತ್ತುತ್ತದೆಯೇ? ಸ್ಪ್ರೇ ಬಾಟಲಿಯ ಕುತ್ತಿಗೆಯಲ್ಲಿ ಇರುವುದೂ ಒಂದು ಪುಟ್ಟ ಪಂಪು. ಕೆಳಗೆ ಒಂದು ಸಕ್ಷನ್ ಕೊಳವೆ. ಮೊದಲ ಸಲ ತೆರೆದಾಗ ಆ ಕೊಳವೆಯಲ್ಲಿ ಇರುವುದು ಗಾಳಿ. ಗಾಳಿಗೆ ಹಿಡಿದು, ಸಣ್ಣಗೆ ಸಮನಾದ ಮಂಜು ಬರುವವರೆಗೆ ಒತ್ತಬೇಕು. ಫ್ಲುಟಿಕಾಸೋನ್ ಬಾಟಲಿಗೆ ಸಾಮಾನ್ಯವಾಗಿ 6 ಸಲ, ಮೊಮೆಟಾಸೋನ್‌ಗೆ 10 ಸಲ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಚೀಟಿ ನೋಡಿ. ವಾರಕ್ಕಿಂತ ಜಾಸ್ತಿ ಬಳಸದೆ ಇಟ್ಟಿದ್ದರೂ ಮಂಜು ಸರಿಯಾಗಿ ಬರುವ ತನಕ ಮತ್ತೆ ಒಂದೆರಡು ಸಲ ಗಾಳಿಗೆ ಹೊಡೆಯಬೇಕು. ನಾನು ಮೊದಲ ಬಾಟಲಿಯಲ್ಲಿ ಇದನ್ನು ಮಾಡಲೇ ಇಲ್ಲ. ಪಂಪ್ ಮೆಕ್ಯಾನಿಕ್ಕೇ ಪಂಪಿನ ಗಾಳಿ ತೆಗೆಯದೆ ಬರೀ ಗಾಳಿ ಹೊಡೆದುಕೊಂಡ ಕಥೆಯನ್ನು ಹುಡುಗರಿಗೆ ಇನ್ನೂ ಹೇಳಿಲ್ಲ.

ಹೊಡೆಯುವ ಮೊದಲು ಪ್ರತಿ ಸಲ ಬಾಟಲಿ ಕುಲುಕಿ. ಇದು ಕರಗಿದ ಮದ್ದಲ್ಲ. ಸಣ್ಣ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ರಾತ್ರಿಯೆಲ್ಲ ಇಟ್ಟರೆ ತಳ ಹಿಡಿಯುತ್ತದೆ. ಕುಲುಕದೆ ಹೊಡೆದರೆ ಒಂದು ದಿನ ಬರೀ ನೀರು, ಇನ್ನೊಂದು ದಿನ ಗಟ್ಟಿ ಮದ್ದು.

ನಾಝಲ್ ಕಟ್ಟಿಕೊಂಡರೆ ಪಿನ್ನು, ಸೂಜಿ, ಕಡ್ಡಿ ಯಾವುದನ್ನೂ ತೂರಿಸಬೇಡಿ. ಸ್ಪ್ರಿಂಕ್ಲರ್ ಜೆಟ್ಟಿಗೆ ತಂತಿ ಹಾಕಿ ಬಿಡಿಸುವ ಅಭ್ಯಾಸ ಇರುವ ನಮ್ಮಂಥವರಿಗೆ ಕೈ ತಡೆಯುವುದಿಲ್ಲ, ಗೊತ್ತು. ಆದರೆ ತೂತು ಒಂದು ಕೂದಲೆಳೆ ದೊಡ್ಡದಾದರೂ ಮಂಜಿನ ಬದಲು ಪಿಚಕಾರಿ ಬರುತ್ತದೆ, ಅಳತೆ ತಪ್ಪುತ್ತದೆ. ಕೆಲವು ಬಾಟಲಿಗಳಲ್ಲಿ ಮೇಲಿನ ಬಿಳಿ ತುದಿ ಕಳಚಿ ಬರುತ್ತದೆ. ಅದನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಕೆಲವಕ್ಕೆ ನೀರೇ ತಾಗಿಸಬಾರದು, ಒಣ ಬಟ್ಟೆಯಲ್ಲಿ ಒರೆಸಬೇಕಷ್ಟೇ. ನಿಮ್ಮದು ಯಾವ ಥರದ್ದು ಎಂದು ಚೀಟಿಯಲ್ಲಿ ಇರುತ್ತದೆ. ಆ ಚೀಟಿಯನ್ನು ಡಬ್ಬಿ ಜೊತೆ ಒಲೆಗೆ ಹಾಕಬೇಡಿ ಮಾರಾಯ್ರೆ.

ಇನ್ನೊಂದು ಮೋಸ: ಬಾಟಲಿ ಕುಲುಕಿದರೆ ಒಳಗೆ ದ್ರವ ಇದೆ, ಆದರೆ ಲೆಕ್ಕ ಮುಗಿದಿದೆ. ಲೇಬಲ್ ಮೇಲೆ 120 ಡೋಸ್ ಎಂದಿದ್ದರೆ 120 ಒತ್ತಿನವರೆಗೆ ಮಾತ್ರ ಅಳತೆ ಸರಿ. ಆಮೇಲೆ ಬರುವುದರಲ್ಲಿ ಮದ್ದು ಎಷ್ಟಿದೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಒಂದೊಂದು ಹೊಳ್ಳೆಗೆ ದಿನಕ್ಕೆ 2 ಸಲ ಒತ್ತಿದರೆ ಒಟ್ಟು 4, ಅಂದರೆ 30 ದಿನಕ್ಕೆ ಬಾಟಲಿ ಮುಗಿಯಿತು. ಒಂದೊಂದೇ ಒತ್ತಿದರೆ 60 ದಿನ. ಶುರು ಮಾಡಿದ ತಾರೀಕನ್ನು ಬಾಟಲಿ ಮೇಲೆ ಪೆನ್ನಲ್ಲಿ ಬರೆದುಬಿಡಿ. ಕಾಫಿ ಚೀಲಕ್ಕೆ ನಂಬರ್ ಹಾಕುವುದಿಲ್ಲವೇ, ಹಾಗೆ.

ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಮನೆಗಳು ನಮ್ಮವು. ಸ್ಪ್ರೇಯನ್ನು ಅಲ್ಲಿಡಬೇಡಿ. ಬಿಸಿಲಿಗೆ ಕಾಯುವ ಜೀಪಿನ ಡ್ಯಾಶ್‌ಬೋರ್ಡ್ ಮೇಲೂ ಬೇಡ, ಫ್ರೀಜರಿನಲ್ಲೂ ಬೇಡ. ಒಬ್ಬರ ಬಾಟಲಿ ಇನ್ನೊಬ್ಬರ ಮೂಗಿಗೆ ಬೇಡ, ಗಂಡ ಹೆಂಡತಿಯಾದರೂ ಸರಿ.

ಗಂಟಲಿಗೆ ಇಳಿಯುತ್ತದೆ, ಬಾಯಿ ಕಹಿ, ಮೂಗಿಗೆ ಏನೂ ಇಲ್ಲ

ಈಗ ಆ ಇಎನ್‌ಟಿ ಮೇಡಂ ಕಥೆ. "ಎಲ್ಲಾ ಸ್ಪ್ರೇ ನೋಡಿ ಆಯ್ತು, ಯಾವುದೂ ಹಿಡಿಯಲ್ಲ" ಎಂದೆ. ಅವರು ವಾದ ಮಾಡಲಿಲ್ಲ. ಮೇಜಿನಿಂದ ಒಂದು ಖಾಲಿ ಬಾಟಲಿ ತೆಗೆದು ಕೈಗೆ ಕೊಟ್ಟರು. "ಎಲ್ಲಿ, ಮನೆಯಲ್ಲಿ ಹೇಗೆ ಹೊಡೀತೀರಿ, ಹಾಗೇ ತೋರಿಸಿ ನೋಡೋಣ."

ನಾನು ಕುತ್ತಿಗೆ ಹಿಂದಕ್ಕೆ ಎತ್ತಿ ಛಾವಣಿ ನೋಡಿದೆ. ಬಲಗೈಯಲ್ಲಿ ಬಲ ಹೊಳ್ಳೆಗೆ ನೆಟ್ಟಗೆ ಮೇಲ್ಮುಖವಾಗಿ ಚುಚ್ಚಿದೆ. ಒತ್ತಿದೆ. ಆಮೇಲೆ ನಸ್ಯ ಏರಿಸಿದ ಹಾಗೆ ಸೊರ್ರನೆ ಎಳೆದೆ.

ಮೇಡಂ ನಕ್ಕರು. "ನಾಲ್ಕು ತಪ್ಪು ಒಟ್ಟಿಗೇ ಮಾಡಿದ್ರಿ. ಒಂದನ್ನೂ ಬಿಟ್ಟಿಲ್ಲ."

ಸರಿಯಾದ ಕ್ರಮ ಹೀಗೆ. ಮೊದಲು ಮೆಲ್ಲಗೆ ಸಿಂಬಳ ತೆಗೆದು ಮೂಗು ಖಾಲಿ ಮಾಡಬೇಕು. ಸಿಂಬಳದ ಮೇಲೆ ಹೊಡೆದ ಮದ್ದು ಸಿಂಬಳಕ್ಕೇ ಹೋಗುತ್ತದೆ. ಆಮೇಲೆ ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು, ನೆಲದ ಮೇಲೆ ಬಿದ್ದ ಕಾಳುಮೆಣಸು ನೋಡುವ ಹಾಗೆ. ತಲೆ ಹಿಂದಕ್ಕೆ ಹಾಕಿದರೆ ಮದ್ದು ನೇರ ಗಂಟಲಿಗೆ ಜಾರುತ್ತದೆ.

ಕೈ ಅದಲುಬದಲು ಮಾಡುವುದೇ ಇದರ ಗುಟ್ಟು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಹಿಡಿದರೆ ತುದಿ ತಾನಾಗಿಯೇ ಹೊರಗಡೆಗೆ, ಆ ಬದಿಯ ಕಿವಿಯ ಕಡೆಗೆ ಓರೆಯಾಗುತ್ತದೆ. ಮದ್ದು ಬೀಳಬೇಕಾದದ್ದು ಮೂಗಿನ ಹೊರಬದಿಯ ಗೋಡೆಗೆ. ಊದಿಕೊಳ್ಳುವ ಮಾಂಸದ ಮಡಿಕೆಗಳು ಇರುವುದು ಅಲ್ಲೇ. ಎರಡು ಹೊಳ್ಳೆಗಳ ನಡುವಿನ ಗೋಡೆಗೆ ಹೊಡೆದರೆ ಲಾಭ ಕಡಿಮೆ, ತೊಂದರೆ ಜಾಸ್ತಿ. ಅದು ಮುಂದೆ ಬರುತ್ತದೆ.

ತುದಿಯನ್ನು ಹೊಳ್ಳೆಯೊಳಗೆ ಸ್ವಲ್ಪವೇ ಇಟ್ಟರೆ ಸಾಕು, ಒಳಗೆ ತಾಗಿಸಿ ಒತ್ತುವುದು ಬೇಡ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟು ಮೆಲ್ಲಗೆ ಉಸಿರು ಎಳೆಯಿರಿ. ಬಾಯಿಯಿಂದ ಬಿಡಿ. ಆಮೇಲೆ ಒಂದಷ್ಟು ಹೊತ್ತು ಮೂಗು ಸೀನಿ ತೆಗೆಯಬೇಡಿ. ಹೊಡೆದ ಮದ್ದು ಗಂಟಲಲ್ಲಿ ಗೊತ್ತಾದರೆ ಜಾಸ್ತಿ ಎಳೆದಿದ್ದೀರಿ ಎಂದು ಲೆಕ್ಕ. ಬಾಯಿ ಮುಕ್ಕಳಿಸಿ, ನಾಳೆ ಇನ್ನೂ ಮೆಲ್ಲಗೆ ಎಳೆಯಿರಿ. ಬಾಟಲಿಯಲ್ಲಿ ಅಜೆಲಾಸ್ಟಿನ್ ಸೇರಿದ್ದರೆ ಮಾತ್ರ ಸರಿಯಾಗಿ ಹೊಡೆದರೂ ಸ್ವಲ್ಪ ಕಹಿ ಇರುತ್ತದೆ, ಅದು ಮದ್ದಿನ ಗುಣ. ಕೆಲವರಿಗೆ ಅದರಿಂದ ತೂಕಡಿಕೆಯೂ ಬರುತ್ತದೆ. ಹೊಡೆದುಕೊಂಡು ಕೂಡಲೇ ಘಾಟಿಯಲ್ಲಿ ಗಾಡಿ ಬಿಡುವವರು ಮೊದಲು ನಿಮ್ಮ ಮೈಗೆ ಹೇಗೆ ಆಗುತ್ತದೆ ನೋಡಿಕೊಳ್ಳಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎರಡು ವರ್ಷ ನಾನು ಅಂದದ್ದೂ ಅದನ್ನೇ.

ಸಿಂಬಳದಲ್ಲಿ ರಕ್ತ

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಮದ್ದಿನ ಆಟಿ ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ನಾವು ಖುಷಿಪಡುತ್ತೇವೆ, ಮದ್ದು ಹಿಡಿಯಿತು ಅಂತ. ಕರ್ಚೀಫಿನಲ್ಲಿ ರಕ್ತದ ಒಂದು ಗೆರೆ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ.

ಸ್ಟೀರಾಯ್ಡ್ ಸ್ಪ್ರೇ ಬಳಸುವವರಲ್ಲಿ ಮೂಗು ಒಣಗುವುದು, ಉರಿ, ಆಗೊಮ್ಮೆ ಈಗೊಮ್ಮೆ ರಕ್ತ ಕಾಣಿಸುವುದು ಅಪರೂಪವಲ್ಲ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳು ಬಲೆಯ ಹಾಗೆ ಹೆಣೆದುಕೊಂಡಿವೆ, ಚರ್ಮ ತೆಳು. ದಿನವೂ ಮದ್ದು ಅದೇ ಜಾಗಕ್ಕೆ ಬಿದ್ದರೆ ಅಲ್ಲಿ ಹುಣ್ಣಾಗುತ್ತದೆ. ವರ್ಷಗಟ್ಟಲೆ ಹಾಗೇ ಹೊಡೆದು ಆ ಗೋಡೆಯಲ್ಲಿ ತೂತು ಬಿದ್ದ ಉದಾಹರಣೆಗಳೂ ವೈದ್ಯರಿಗೆ ಗೊತ್ತು. ಬಹಳ ಅಪರೂಪ, ಆದರೆ ಇದೆ. ಆದ್ದರಿಂದ ರಕ್ತ ಕಂಡರೆ ಮೊದಲು ಕೈಯ ದಿಕ್ಕು ನೋಡಿ. ಒಂದೇ ಬದಿ ಬರುತ್ತಿದೆಯಾ? ಬಲಗೈಯವರಿಗೆ ಬಲ ಹೊಳ್ಳೆಯಲ್ಲೇ ಕೈ ತಪ್ಪಿರುವ ಸಾಧ್ಯತೆ ಹೆಚ್ಚು. ಒಂದೆರಡು ದಿನ ನಿಲ್ಲಿಸಿ, ಉಪ್ಪುನೀರಿನ ಸ್ಪ್ರೇಯಿಂದ ಒದ್ದೆ ಮಾಡಿಕೊಂಡು, ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಮತ್ತೆ ಶುರು ಮಾಡಿದ ಮೇಲೂ ಬಂದರೆ ಟಾರ್ಚ್ ಹಾಕಿ ಒಳಗೆ ನೋಡಿಸಿಕೊಳ್ಳಲೇಬೇಕು. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಥರ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮೊದಲೇ ಹೇಳಬೇಕು.

ರಕ್ತ ಸುರಿಯಲು ಶುರುವಾದರೆ ತಲೆ ಹಿಂದಕ್ಕೆ ಹಾಕಿ ಮಲಗಿಸುವುದು ನಮ್ಮ ಹಳೇ ಪದ್ಧತಿ. ತಪ್ಪು. ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, 10ರಿಂದ 15 ನಿಮಿಷ ಬಿಡದೆ ಇರಬೇಕು. ನಡುವೆ ನಡುವೆ ಬಿಟ್ಟು ನೋಡಬಾರದು. 20 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆ.

ಇದರ ಜೊತೆಗೆ ನಮ್ಮ ಕಡೆಯವರು ಮಾತ್ರ ಯೋಚಿಸಬಹುದಾದ ಒಂದು ಕಾರಣವಿದೆ. ತೊರೆಯ ನೀರಿಗೆ ಬಾಯಿ ಹಾಕಿ ಕುಡಿದವರ, ಅಲ್ಲೇ ಮುಖ ತೊಳೆದವರ ಮೂಗಿನೊಳಗೆ ಜಿಗಣೆ ಸೇರಿಕೊಂಡು ದಿನಗಟ್ಟಲೆ ಒಂದೇ ಹೊಳ್ಳೆಯಿಂದ ರಕ್ತ ಬರುವುದುಂಟು. ಮೂಗಿನೊಳಗೆ ಏನೋ ಹರಿದಾಡಿದ ಹಾಗೆ ಆಗುತ್ತದೆ. ಮನೆಯಲ್ಲಿ ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪ್ರಯೋಗ ಮಾಡದೆ ಇಎನ್‌ಟಿಯವರ ಹತ್ತಿರ ಹೋಗಿ. ಪಾಪದ ಸ್ಪ್ರೇಯನ್ನು ಬೈಯುವ ಮೊದಲು ಇದನ್ನೂ ನೆನಪಿಡಿ.

ನಾಲ್ಕು ದಿನ ಹೊಡೆದೆ, ಬದಲಾವಣೆ ಇಲ್ಲ

ಇದಕ್ಕೆ ಉತ್ತರ ಚಿಕ್ಕದು. ನಾಲ್ಕು ದಿನ ಸಾಲದು. ಸ್ಟೀರಾಯ್ಡ್ ಕಟ್ಟಿದ ಬಾಗಿಲನ್ನು ಒದ್ದು ತೆರೆಯುವ ಮದ್ದಲ್ಲ, ಒಳಗಿನ ಉರಿಯೂತವನ್ನು ನಿಧಾನಕ್ಕೆ ಆರಿಸುವ ಮದ್ದು. ಕೆಲವರಿಗೆ ಮೊದಲ ದಿನವೇ ಸ್ವಲ್ಪ ಹಗುರ ಅನಿಸುತ್ತದೆ. ಪೂರ್ತಿ ಗುಣ ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಅದೂ ದಿನ ತಪ್ಪದೆ ಹೊಡೆದರೆ. ಸೀನು ಬಂದ ದಿನ ಹೊಡೆದು, ಬಾರದ ದಿನ ಬಿಟ್ಟರೆ ಎಣಿಕೆ ಮತ್ತೆ ಮೊದಲಿಂದ. ನಾನು ಹಲ್ಲುಜ್ಜುವ ಬ್ರಷ್ಷಿನ ಲೋಟದಲ್ಲೇ ಬಾಟಲಿ ನಿಲ್ಲಿಸಿದ್ದೇನೆ. ಒಂದು ದಿನ ಮರೆತರೆ ಮರುದಿನ ಎರಡು ದಿನದ್ದು ಸೇರಿಸಿ ಹೊಡೆಯುವುದು ಬೇಡ. ಬೇಗ ಗುಣವಾಗಲಿ ಅಂತ ನೀವೇ ಜಾಸ್ತಿ ಮಾಡುವುದಂತೂ ಬೇಡವೇ ಬೇಡ.

ನಿಮಗೆ ಕಾಟ ಕೊಡುವ ಕಾಲ ಯಾವುದು ಎಂದು ಗೊತ್ತಿದ್ದರೆ ಅದು ಶುರುವಾಗುವ ಒಂದೆರಡು ವಾರ ಮೊದಲೇ ಆರಂಭಿಸಲು ಡಾಕ್ಟರನ್ನು ಕೇಳಿ. ನನಗೆ ಜೂನ್ ಮಳೆ ಹಿಡಿದ ಮೇಲೆ ಜೋರು. ಹಾಗಾಗಿ ಮೇ ಮಧ್ಯದಲ್ಲೇ ಮೆಡಿಕಲ್ ಶಾಪಿಗೆ ಹೋಗುತ್ತೇನೆ. ಗುಣವಾದ ಮೇಲೆ 2 ಒತ್ತನ್ನು 1ಕ್ಕೆ ಇಳಿಸುವುದುಂಟು, ಅದನ್ನು ಹೇಳಬೇಕಾದವರು ಡಾಕ್ಟರು.

ಬಾಟಲಿ ಸರಿ, ಕೈ ಸರಿ, ತಿಂಗಳೂ ಆಯಿತು. ಆದರೂ?

ಈಗ ಮೋಟರ್ ಬಿಚ್ಚುವ ಹೊತ್ತು. ಕಾಯಿಲೆ ಅಲರ್ಜಿಯೇ ಹೌದಾ?

ತುರಿಕೆ ಇದ್ದರೆ, ಸಾಲು ಸೀನು ಇದ್ದರೆ, ಕಣ್ಣಲ್ಲೂ ನೀರು ಬಂದರೆ, ಸಿಂಬಳ ನೀರಿನ ಹಾಗೆ ಇದ್ದರೆ ಅಲರ್ಜಿ ಎಂದುಕೊಳ್ಳಬಹುದು. ಮಡಿಕೇರಿಯ ಬೆಳಗಿನ ಮಂಜಿಗೆ ಹೊರಬಿದ್ದ ಕೂಡಲೇ ಮೂಗು ನಲ್ಲಿಯ ಹಾಗೆ ಸೋರುತ್ತದೆ, ಒಳಗೆ ಬಂದರೆ ನಿಲ್ಲುತ್ತದೆ, ತುರಿಕೆ ಇಲ್ಲ ಎಂದರೆ ಅದು ತಣ್ಣನೆ ಗಾಳಿಗೆ ಮೂಗು ತೋರಿಸುವ ಸಿಟ್ಟು. ಇದಕ್ಕೆ ಸ್ಟೀರಾಯ್ಡ್ ಅಷ್ಟಾಗಿ ನಾಟುವುದಿಲ್ಲ, ಬೇರೆ ಮದ್ದಿದೆ. ಯಾವಾಗಲೂ ಒಂದೇ ಹೊಳ್ಳೆ ಕಟ್ಟಿದ್ದರೆ ನಡುಗೋಡೆ ವಾಲಿರಬಹುದು, ಬೇರೆ ಏನಾದರೂ ಬೆಳೆದಿರಬಹುದು. ವಾಸನೆಯೇ ಗೊತ್ತಾಗದಿದ್ದರೆ, ಒಣಮೀನು ಹುರಿದರೂ ತಿಳಿಯದಿದ್ದರೆ, ಒಳಗೆ ದ್ರಾಕ್ಷಿಯಂಥ ಗಂಟುಗಳು ಎದ್ದಿರಬಹುದು. ಮುಖ ನೋವು, ಜ್ವರ, ಹಳದಿ ಗಟ್ಟಿ ಸಿಂಬಳ ಇದ್ದರೆ ಸೈನಸ್ ಕಡೆ ನೋಡಬೇಕು. ಇವ್ಯಾವುದನ್ನೂ ಬಾಟಲಿ ಬದಲಿಸಿ ಸರಿಮಾಡಲು ಆಗುವುದಿಲ್ಲ. ದೂರದೂರಿಗೇ ಹೋಗಬೇಕೆಂದೂ ಇಲ್ಲ, ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ.

ಅಲರ್ಜಿಯೇ ಹೌದಾದರೆ ಮುಂದಿನ ಪ್ರಶ್ನೆ: ಪಂಪು ಎಷ್ಟು ನೀರು ಎತ್ತಿದರೂ ತೊಟ್ಟಿಯಲ್ಲಿ ತೂತಿದೆಯಾ? ಅಂದರೆ ಮದ್ದು ಒಂದು ಕಡೆ ಹೊಡೆಯುತ್ತಾ, ಅಲರ್ಜಿ ತರುವುದನ್ನು ಇನ್ನೊಂದು ಕಡೆ ಮೂಗಿಗೆ ತುಂಬುತ್ತಿದ್ದೀರಾ? ಕೊಡಗಿನಲ್ಲಿ ಎಲ್ಲರೂ ಕಾಫಿ ಹೂವಿಗೆ ಬೆರಳು ತೋರಿಸುತ್ತಾರೆ. ಆ ಬಿಳಿ ಹೂವು ಇರುವುದು ಕೆಲವೇ ದಿನ. ವರ್ಷವಿಡೀ ಸೀನುವವರು ಹಾಸಿಗೆ ಕಡೆ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಕಾಣದ ಕಂಬಳಿ, ಹತ್ತಿ ದಿಂಬು, ಗೋಡೆಯ ಮೇಲಿನ ಬೂಷ್ಟು, ಬೀರುವಿನಲ್ಲಿ ಮುಗ್ಗಲು ವಾಸನೆ ಹಿಡಿದ ಕೋಟು. ತೇವ ಇದ್ದಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳಿಗೆ ಸುಗ್ಗಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಲ್ಲಿ ಒಗೆಯುವುದು, ದಿಂಬಿಗೆ ಹುಳ ನುಗ್ಗದಂಥ ಒತ್ತು ನೇಯ್ಗೆಯ ಕವರ್ ಹಾಕುವುದು, ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗಿಸದಿರುವುದು, ಇವು ಸ್ಪ್ರೇಯಷ್ಟೇ ಕೆಲಸ ಮಾಡುತ್ತವೆ ಎಂದು ಹೇಳಲಾರೆ. ಆದರೆ ನಮ್ಮ ಮನೆಯಲ್ಲಿ ಹಳೇ ಹತ್ತಿ ಹಾಸಿಗೆ ಹೊರಗೆ ಹೋದ ಮೇಲೆ ಬೆಳಗಿನ ಸೀನು ಕಡಿಮೆಯಾಯಿತು ಎಂಬುದು ನಿಜ. ಹೆಂಡತಿಗೆ ಆ ಹಾಸಿಗೆಯ ಮೇಲೆ ಪ್ರೀತಿ ಇತ್ತು. ಆ ಜಗಳ ಇಲ್ಲಿ ಬೇಡ.

ಕಣದಲ್ಲಿ ಒಣಗಿದ ಕಾಫಿ ಹಣ್ಣು (ಚೆರ್ರಿ) ಗುಡಿಸುವವರು, ಅದರ ಸಿಪ್ಪೆ ಬಿಡಿಸುವ ಹಲ್ಲರ್ ಮಿಲ್ಲಿನಲ್ಲಿ ದುಡಿಯುವವರದು ಬೇರೆಯೇ ಲೆಕ್ಕ. ಹಸಿ ಕಾಫಿ ಬೀಜದ ಧೂಳಿಗೆ ಅಲರ್ಜಿ, ಆಸ್ತಮಾ ಬರುವುದು ವೈದ್ಯರಿಗೆ ಹಳೇ ವಿಷಯ. ಅಲ್ಲಿ ಮೂಗಿಗೆ ಟವಲ್ ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ಹಾಕಿ. ಸೌದೆ ಒಲೆಯ ಹೊಗೆಯೂ ಮೂಗನ್ನು ಕೆರಳಿಸುತ್ತದೆ.

ಕೆಲಸದಿಂದ ಬಂದ ಮೇಲೆ ಉಪ್ಪುನೀರಲ್ಲಿ ಮೂಗು ತೊಳೆಯುವುದು ಒಳ್ಳೆಯದು. ಒಂದು ಎಚ್ಚರ. ತೊರೆ, ಬಾವಿ, ನಲ್ಲಿ ನೀರನ್ನು ಹಾಗೇ ಮೂಗಿಗೆ ಹಾಕಬೇಡಿ. 2024 ಮತ್ತು 2025ರಲ್ಲಿ ಪಕ್ಕದ ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಸುದ್ದಿಯಾದದ್ದು ನೆನಪಿದೆಯಲ್ಲ. ಅದರಲ್ಲಿ ನೆಗ್ಲೇರಿಯಾ ಎಂಬುದು ನೀರು ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನಿಂದ ಮೇಲೇರಿದರೆ ಪ್ರಾಣಕ್ಕೇ ಬರುತ್ತದೆ. ಚೆನ್ನಾಗಿ ಮರಳುವಂತೆ ಕುದಿಸಿ ಆರಿಸಿದ ನೀರು ಮಾತ್ರ ಬಳಸಿ. ಕಾಲು ಲೀಟರಿಗೆ ಅರ್ಧ ಟೀ ಚಮಚ ಮೀರದಷ್ಟು, ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ತೊಳೆದು ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹೊಡೆಯಿರಿ. ಹೊಡೆದ ಮೇಲೆ ತೊಳೆದರೆ ಮದ್ದು ಬಚ್ಚಲಿಗೆ.

"ಸ್ಟೀರಾಯ್ಡ್ ಅಂತೆ, ಬೇಡಪ್ಪ"

ಇದೂ ಒಂದು ದೋಷವೇ, ಬಾಟಲಿ ಡಬ್ಬಿಯಿಂದ ಹೊರಗೇ ಬರುವುದಿಲ್ಲ. ಅಕ್ಕ ಒಬ್ಬರು ಹೀಗೇ ಸ್ಪ್ರೇ ಮುಟ್ಟದೆ, ಪ್ರತಿ ಮಳೆಗಾಲಕ್ಕೆ "ಅಲರ್ಜಿ ಇಂಜೆಕ್ಷನ್" ಒಂದು ಹಾಕಿಸಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಆರಾಮ. ಆ ಇಂಜೆಕ್ಷನ್ನಿನ ಚೀಟಿ ಓದಿಸಿದರೆ ಅದೂ ಸ್ಟೀರಾಯ್ಡೇ! ಅದು ಇಡೀ ಮೈಗೆ ಹೋಗುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ. ಅಲರ್ಜಿ ನೆಗಡಿಗೆ ಮತ್ತೆ ಮತ್ತೆ ಹಾಕಿಸಿಕೊಳ್ಳುವಂಥದ್ದಲ್ಲ. ಸ್ಪ್ರೇಯ ಅಳತೆ ಇರುವುದು ಮೈಕ್ರೋಗ್ರಾಂನಲ್ಲಿ. ಫ್ಲುಟಿಕಾಸೋನ್ ಫ್ಯುರೋಯೇಟ್ ಒಂದು ಒತ್ತಿಗೆ 27.5, ಮೊಮೆಟಾಸೋನ್ 50. ಈ ಎರಡರಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಕಡಿಮೆ ಎಂದರೆ ಸೊನ್ನೆ ಅಲ್ಲ. ಗ್ಲಾಕೋಮಾ (ಕಣ್ಣೊಳಗಿನ ಒತ್ತಡದ ಕಾಯಿಲೆ), ಕಣ್ಣಿನ ಪೊರೆ ಇರುವವರು ಮೊದಲೇ ಹೇಳಬೇಕು, ಕಣ್ಣು ಪರೀಕ್ಷೆ ಮಾಡಿಸುತ್ತಿರಬೇಕು. ಆಸ್ತಮಾಗೆ ಇನ್ಹೇಲರ್ ಎಳೆಯುವವರಿಗೆ ಅದರಲ್ಲೂ ಸ್ಟೀರಾಯ್ಡ್ ಇರಬಹುದು, ಎರಡೂ ಸೇರಿ ಲೆಕ್ಕ. ಮಕ್ಕಳಿಗೆ ವಯಸ್ಸಿಗೆ ತಕ್ಕ ಮದ್ದು, ಕಡಿಮೆ ಅಳತೆ. ಕೆಲವು ಮಕ್ಕಳಲ್ಲಿ ಎತ್ತರ ಬೆಳೆಯುವ ವೇಗ ಸ್ವಲ್ಪ ತಗ್ಗುತ್ತದೆ, ಆದ್ದರಿಂದ ಬಾಗಿಲ ಚೌಕಟ್ಟಿನ ಮೇಲೆ ಗೆರೆ ಹಾಕುತ್ತಾ ಇರಿ, ಡಾಕ್ಟರಿಗೂ ತೋರಿಸಿ. ಬಸುರಿಯರು ಕೇಳಿಯೇ ಬಳಸಬೇಕು. ಮೂಗಿಗೆ ಈಚೆಗೆ ಆಪರೇಷನ್ ಆಗಿದ್ದರೆ, ಪೆಟ್ಟು ಬಿದ್ದಿದ್ದರೆ ಗಾಯ ಮಾಯುವ ತನಕ ಬೇಡ. ಟಿ.ಬಿ. ಇದ್ದರೆ, ಹಿಂದೆ ಆಗಿದ್ದರೆ ಅದನ್ನೂ ಹೇಳಿ.

ಒಂದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮಳೆಗಾಲದಲ್ಲಿ ತೊಡೆ ಸಂದಿಗೆ ಹುಳುಕಡ್ಡಿ ಆಗಿ ಇಟ್ರಾಕೊನಜೋಲ್ ಮಾತ್ರೆ ನುಂಗುತ್ತಿರುತ್ತೇವೆ, ಮೂಗಿಗೆ ಫ್ಲುಟಿಕಾಸೋನ್ ಹೊಡೆಯುತ್ತಿರುತ್ತೇವೆ. ಆ ಮಾತ್ರೆ ಮೈಯಿಂದ ಸ್ಟೀರಾಯ್ಡ್ ಹೊರಹೋಗುವ ದಾರಿಯನ್ನು ತಡೆಯುತ್ತದೆ. ಕೀಟೊಕೊನಜೋಲ್ ಮಾತ್ರೆ, ಎಚ್‌ಐವಿಗೆ ಕೊಡುವ ರಿಟೊನವಿರ್ ಕೂಡ ಹಾಗೇ. ಹೊರಹೋಗದ ಮದ್ದು ಒಳಗೇ ಶೇಖರವಾಗುತ್ತದೆ. ನುಂಗುವ ಮಾತ್ರೆಗಳನ್ನೆಲ್ಲ, ಸಂಕೋಚದ್ದೂ ಸೇರಿ, ಹೇಳಿಬಿಡಿ.

ಇನ್ನು ಹುಡುಕುತ್ತಾ ಕೂರಬಾರದ ಹೊತ್ತು

ಕಣ್ಣು ಮಂಜಾದರೆ ಅಥವಾ ನೋವಾದರೆ, ಕಣ್ಣಿನ ಸುತ್ತ ಊದಿದರೆ, ಉಸಿರಲ್ಲಿ ಸುಂಯ್ ಎನ್ನುವ ಶಬ್ದ ಬಂದರೆ, ಹೊಡೆದ ಮೇಲೆ ತುಟಿ ಮುಖ ಊದಿ ಮೈ ದದ್ದು ಎದ್ದರೆ, ಒಂದೇ ಹೊಳ್ಳೆಯಿಂದ ರಕ್ತ ಬೆರೆತ ನಾತದ ಸಿಂಬಳ ನಿಲ್ಲದಿದ್ದರೆ, ಸಕ್ಕರೆ ಕಾಯಿಲೆಯವರಿಗೆ ಮುಖ ನೋವಿನ ಜೊತೆ ಕಪ್ಪು ಸಿಂಬಳ ಕಂಡರೆ, ಈ ಬರಹ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ಕೊನೆಯದು 2021ರಲ್ಲಿ ಎಲ್ಲರ ಬಾಯಲ್ಲಿದ್ದ ಕಪ್ಪು ಶಿಲೀಂಧ್ರದ ಲಕ್ಷಣ. ಅದಕ್ಕೆ ಒಂದು ದಿನ ಕಾಯುವುದೂ ತಪ್ಪು.

ಉಳಿದವರು ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಬಾಟಲಿ ಜೊತೆಗೇ ತೆಗೆದುಕೊಂಡು ಹೋಗಿ. ತಾರೀಕು ಬರೆದದ್ದು ಕಾಣಿಸಲಿ. ಅವರು ಕೇಳದಿದ್ದರೂ ಪರವಾಗಿಲ್ಲ, ಅವರ ಮುಂದೆ ಒಂದು ಸಲ ಹೊಡೆದು ತೋರಿಸಿ. ಎಡ ಹೊಳ್ಳೆಗೆ ಬಲಗೈ.